ಹದಿನೇಳನೆಯ ತಪ್ಪು

ಕಳೆದ ವಾರ ನಮ್ಮ ಕ್ರೈಸ್ತ ದೇವಾಲಯದ ಅಂಗಳದಲ್ಲಿ ಸಂಜೆಯ ಕೂಟಕ್ಕೆಂದು ಡೇರೆ ಹಾಕುತ್ತಿದ್ದರು. ಮಡಿಕೆ ಬಿಚ್ಚಿದ ಹಳೆಯ ಕ್ಯಾನ್ವಾಸಿನಿಂದ ಮಳೆನೀರು, ಸೀಮೆಎಣ್ಣೆ, ಇಲಿಹಿಕ್ಕೆ ಒಂದಾದ ವಾಸನೆ ಎದ್ದಿತು. ನನ್ನ ಕೈಯಲ್ಲಿ ಆ ಸಂಜೆ ಓದಬೇಕಾಗಿದ್ದ ಭಾಷಣವಿತ್ತು: ಸಿನಿಮಾಗಳು ಕೊಲೆಯನ್ನು ಮೆರೆಸುವುದನ್ನು ಖಂಡಿಸುವ ನಾಲ್ಕು ಪುಟ. ವಾಸನೆ ಮೂಗಿಗೆ ತಾಗಿದ್ದೇ, ಓದುಗರೇ, ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಅದು ಎರಡನೆಯ ಮಹಾಯುದ್ಧದ ವರ್ಷಗಳ ಇನ್ನೊಂದು ಡೇರೆಯ ವಾಸನೆ. ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ನಾನು ಉಪಾಧ್ಯಾಯಿನಿಯಾಗಿ ಬಂದಿದ್ದೆ. ಹೊಸ ಪದ್ಧತಿಯ ತರಬೇತಿಯಲ್ಲಿ ನಮಗೆ ಕಲಿಸಿದ್ದು ಒಂದೇ ಮಂತ್ರ: ಕೆಡುಕನ್ನು ಕಂಡರೆ ಅದನ್ನು ಹೆಸರಿಟ್ಟು ಕರೆ. ಜಾತಿಗೊಂದು ಪಂಕ್ತಿ, ಬಾಲ್ಯವಿವಾಹ, ಹೆಂಡದಂಗಡಿ, ಹೆಂಡತಿಯ ಮೇಲೆ ಎತ್ತಿದ ಕೈ, ಎಲ್ಲಕ್ಕೂ ನನ್ನ ಕಪ್ಪು ರಟ್ಟಿನ ಪುಸ್ತಕದಲ್ಲಿ ಸಂಖ್ಯೆಯಿತ್ತು. ಅವು ಕೆಡುಕುಗಳೇ ಎಂದು ಇಂದಿಗೂ ಹೇಳುತ್ತೇನೆ. ಆದರೆ ಲೋಕದ ಪಾಪವೆಲ್ಲ ನನ್ನ ಸೀಸದಕಡ್ಡಿಗಾಗಿ ಸಾಲುಗಟ್ಟಿ ನಿಂತಿದೆಯೆಂದು ನಂಬುವುದಕ್ಕೆ ಇಪ್ಪತ್ತಮೂರರ ವಯಸ್ಸೇ ಬೇಕು.

ಹಾಸ್ಟೆಲಿನ ಅಡುಗೆಯ ಸುಗುಣಮ್ಮ, ಅಲ್ಲೇ ಹತ್ತಿರದ ಮಧುರೆ ಕಡೆಯವಳು, ನಮ್ಮ ಸಭೆಯವಳೇ. ನನ್ನ ಪುಸ್ತಕ ಕಂಡರೆ ಅವಳಿಗೆ ನಗು. “ಟೀಚರಮ್ಮ, ಇವತ್ತು ಸಾರಿಗೆ ಉಪ್ಪು ಜಾಸ್ತಿ ಬಿದ್ದೈತೆ. ಬರ್ಕೊಂಬಿಡಿ, ಆಮೇಲೆ ಮರ್ತೋದೀರಾ!”

ಆ ಬೇಸಿಗೆಯಲ್ಲಿ ಊರಾಚೆಯ ಬಯಲಿಗೆ ಡೇರೆ ಹೊತ್ತ ಟೂರಿಂಗ್ ಟಾಕೀಸು ಬಂದಿತು. ತಂದದ್ದು ಒಬ್ಬ ಕೊಲೆಗಾರನ ಕಥೆಯ, ಬೆಂಗಳೂರಿನ ಪತ್ರಿಕೆಗಳು ಹಾಡಿಹೊಗಳಿದ್ದ ಚಿತ್ರ. ನಮ್ಮ ಸಭೆಯವರಿಗೆ ಸಿನಿಮಾ ನಿಷಿದ್ಧ. ಖಂಡಿಸುವುದಕ್ಕಾದರೂ ನೋಡಬೇಕಲ್ಲ ಎಂದು ವಾದಿಸಿ, ಸಭಾಪಾಲಕರ, ಎಂದರೆ ನಮ್ಮ ಪಾದ್ರಿಗಳ, ಅಪ್ಪಣೆ ಪಡೆದು ಮೊದಲ ಆಟಕ್ಕೆ ಹೋದೆ. ಹೆಂಗಸರ ಕಡೆ ಎಲ್ಲರಂತೆ ಮರಳು ಗುಡ್ಡೆಮಾಡಿ ಕುಳಿತೆ. ಚಿತ್ರ ತಮಿಳಿನದು. ನಮ್ಮೂರಿಗೆ ತಮಿಳು ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಕತ್ತಿ ತಿಳಿಸುತ್ತಿತ್ತು.

ಯಂತ್ರ ಒಂದೇ ಆದುದರಿಂದ ಸುರುಳಿ ಬದಲಿಸುವಾಗಲೆಲ್ಲ ದೀಪ ಹೊತ್ತಿಸುವರು. ಆ ಬಿಡುವಿನಲ್ಲಿ ನಾನು ಪುಸ್ತಕದ ಹೊಸ ಪುಟದಲ್ಲಿ ಬರೆಯುವೆ: ಒಂದು, ಕನ್ನ. ಎರಡು, ವಿಷ. ಮೂರು, ಕತ್ತು ಹಿಸುಕುವುದು. ಬಿಳಿಯ ತೆರೆಯ ಮೇಲೆ ರಕ್ತ ಕಪ್ಪಗೆ ಹರಿದಾಗ ಮುಖ ತಿರುಗಿಸಿದೆ. ಆದರೆ ಕೊಲೆ ಮಾಡಿಬಂದ ಮಗ ಕೈ ತೊಳೆದು ಕುಳಿತಾಗ ತಾಯಿ ಒಂದೂ ಪ್ರಶ್ನೆ ಕೇಳದೆ ಊಟ ಬಡಿಸುವ ದೃಶ್ಯವೊಂದಿತ್ತು. ಅದಕ್ಕೆ ಯಾವ ಸಂಖ್ಯೆ ಕೊಡಬೇಕೋ ತಿಳಿಯದೆ ಅತ್ತೆ.

ಕೊನೆಯ ಸುರುಳಿಗೆ ಮುಂಚೆ, ಆ ತಾಯಿಯನ್ನು ಬಾವಿಗೆ ನೂಕಿಸಿದ್ದ ಜಮೀನ್ದಾರನ ಎದೆಯ ಮೇಲೆ ಮಗ ಮಂಡಿಯೂರಿದ. ಕೊಡಲಿ ಎತ್ತಿದ. ಆಗ ಡೇರೆಯಲ್ಲೊಂದು ಕೂಗು ಕೇಳಿಸಿತು: “ಬಿಡಬೇಡ! ಕೊಚ್ಚು!”

ಎಂಥ ರಾಕ್ಷಸಿ ಎಂದುಕೊಂಡೆ. ದೀಪ ಹೊತ್ತಿತು. ನಾನು ಮೊಣಕಾಲ ಮೇಲೆ ನಿಂತಿದ್ದೆ. ನನ್ನ ಗಂಟಲು ಉರಿಯುತ್ತಿತ್ತು.

ಎರಡು ಮಾರು ಆಚೆ ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡು ಸುಗುಣಮ್ಮ ಕುಳಿತಿದ್ದಳು. “ಅಯ್ಯೋ ಟೀಚರಮ್ಮ,” ಎಂದಳು ಮೆಲ್ಲಗೆ, “ಅದು ಬರೀ ಬೊಂಬೆ ಕಣಮ್ಮ. ಕುಂತ್ಕಳಿ.”

ಆ ಆಘಾತವನ್ನು ನಾನು ಏನು ಮಾಡಿದೆನೆಂದು ಹೇಳಲು ಇಂದಿಗೂ ನಾಚಿಕೆ. ಪುಸ್ತಕ ತೆರೆದು ಬರೆದೆ: ಹದಿನೇಳು, ನಮ್ಮ ಸಭೆಯ ಸುಗುಣಮ್ಮ, ಎಳೆಗೂಸಿನೊಡನೆ ಹಾಜರು.

ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಹಿಂದಿನ ಶನಿವಾರ ನಮ್ಮಲ್ಲಿ ಸಿದ್ಧತೆಯ ಕೂಟ ನಡೆಯುತ್ತಿತ್ತು. ಸಭಾಹಿರಿಯರು ಎದ್ದು ಕೇಳುವರು: “ಯಾರಿಗಾದ್ರೂ ಯಾರ ಮೇಲಾದ್ರೂ ಮಾತೈತಾ?” ನಾನು ಎದ್ದು ಹದಿನೇಳನ್ನೂ ಓದಿದೆ. ಮರುದಿನವೇ ಸುಗುಣಮ್ಮನ ಮಗುವಿಗೆ ದೀಕ್ಷಾಸ್ನಾನವೆಂಬುದು ನನಗೆ ಗೊತ್ತಿತ್ತು.

“ಹೋಗಿದ್ಯೇನವ್ವ?” ಎಂದರು ಹಿರಿಯರು ಸುಗುಣಮ್ಮನಿಗೆ.

“ಹೋಗಿದ್ದೆ, ಅಯ್ಯ.”

“ಇನ್ನೇನಾದ್ರೂ ಹೇಳೋದೈತಾ?”

ಅವಳು ನನ್ನನ್ನು ನೋಡಿದಳು. ನನ್ನನ್ನು ಬಯಲಿಗೆಳೆಯಲು ಒಂದು ವಾಕ್ಯ ಸಾಕಿತ್ತು. “ಇಲ್ಲ, ಅಯ್ಯ. ನಂದು ನಾನು ಹೇಳಾಯ್ತು.”

ತೀರ್ಪಾಯಿತು: ಮೂರು ತಿಂಗಳು ಕೊನೆಯ ಬೆಂಚು, ಪ್ರಭುಭೋಜನದ ಮೇಜಿಲ್ಲ. ಮಗುವನ್ನು ಅವಳು ಎತ್ತಿ ನಿಲ್ಲುವಂತಿಲ್ಲ. ಅವಳ ಬದಲು, ಸಭೆಯ ಕಣ್ತೆರೆಸಿದ ಉಪಾಧ್ಯಾಯಿನಿ ಎತ್ತಬೇಕು.

ಎತ್ತಿದೆ. ಹಾಲಿನ ವಾಸನೆಯ ಆ ಕೂಸು ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದಿತ್ತು. ಸಭಾಪಾಲಕರು ವಾಡಿಕೆಯಂತೆ ಕೇಳಿದರು, ಈ ಮಗುವಿನ ಪರವಾಗಿ ಹಗೆಯನ್ನೂ ಹಿಂಸೆಯನ್ನೂ ತೊರೆಯುತ್ತೀಯಾ ಎಂದು. “ತೊರೆಯುತ್ತೇನೆ” ಎಂಬ ಒಂದು ಪದ. ಬಾಯಿ ತೆರೆದೆ, ಡೇರೆಯಲ್ಲಿ ಕೂಗಿದ ಗಂಟಲು ಅದೇ. ಆ ಪದದ ಬದಲು ಬೇರೆಯದೇ ಬಂತು.

“ಅಯ್ಯನವರೇ, ಸಿನಿಮಾ ಡೇರೆಯಲ್ಲಿ ಕೊಚ್ಚು ಎಂದು ಕೂಗಿದವಳು ನಾನು. ಸುಗುಣಮ್ಮ ನನ್ನನ್ನು ಕೂರಿಸಿದಳು. ಅದನ್ನು ಪಟ್ಟಿಯಲ್ಲಿ ಬರೆಯಲಿಲ್ಲ.”

ಯಾರೋ ಕೆಮ್ಮಿದರು. ನಾನು ಕೊನೆಯ ಬೆಂಚಿನವರೆಗೆ ನಡೆದು ಮಗುವನ್ನು ಅದರ ತಾಯಿಯ ತೋಳಿಗಿಟ್ಟೆ. “ಎಲ್ಲಾರ ಮುಂದೆ ಹಿಂಗಾ ಅಳೋದು?” ಎಂದು ಪಿಸುಗುಟ್ಟಿದಳು ಸುಗುಣಮ್ಮ, ಕಣ್ಣಲ್ಲಿ ನೀರಿಟ್ಟುಕೊಂಡೇ. “ಜರುಗಿ ಕುಂತ್ಕಳಿ, ಜಾಗ ಐತೆ.” ಹಿರಿಯರು ಆಕ್ಷೇಪಿಸಲು ಅರ್ಧ ಎದ್ದರು. ಸಭಾಪಾಲಕರು ನೀರಿನ ಬೋಗುಣಿಯನ್ನು ಎತ್ತಿಕೊಂಡು ಕೊನೆಯ ಬೆಂಚಿಗೇ ನಡೆದು ಬಂದರು.

ಆ ಮೂರು ತಿಂಗಳು ನಾವಿಬ್ಬರೂ ಅಲ್ಲೇ ಕುಳಿತೆವು. ಆ ಚಿತ್ರ ಕೆಟ್ಟದ್ದೆಂದು ಈಗಲೂ ನಂಬುತ್ತೇನೆ. ಅದ್ಭುತವಾಗಿತ್ತೆಂದೂ ನಂಬುತ್ತೇನೆ, ಕೆಟ್ಟದ್ದಾಗಿದ್ದೂ ಅದ್ಭುತವಾಗಿತ್ತಲ್ಲ ಎಂಬುದೇ ನನ್ನ ದೂರು. ಅದು ನನ್ನೊಳಗೆ ಕೊಡಲಿಯನ್ನು ಹೊಸದಾಗಿ ಇಡಲಿಲ್ಲ. ಅಲ್ಲಿದ್ದುದನ್ನು ತೋರಿಸಿತು.

ಕಳೆದ ವಾರದ ಆ ಸಂಜೆ ನಾಲ್ಕು ಪುಟಗಳನ್ನೂ ಓದಿದೆ, ಒಂದು ಸಾಲನ್ನೂ ಬಿಡಲಿಲ್ಲ. ಆದರೆ ಅದಕ್ಕೆ ಮುಂಚೆ ಕನ್ನಡಕ ತೆಗೆದಿಟ್ಟು, ಆ ಎರಡು ಮಾತುಗಳನ್ನು ಅಂದು ಕೂಗಿದಷ್ಟೇ ಜೋರಾಗಿ ಡೇರೆಯ ಕೆಳಗೆ ಕೂಗಿದೆ. ಮುಂದಿನ ಸಾಲಿನವರೊಬ್ಬರ ಕೈಯಿಂದ ಬೀಸಣಿಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳುವವರೆಗೆ ಕಾದು, ಕೂಗಿದವಳು ಯಾರೆಂದು ಹೇಳಿ, ಓದತೊಡಗಿದೆ.