ಗುಲ್ಷನಳ ಬಿಸ್ಮಿಲ್ಲಾ ಫೋಟೊ

ರೋಣದ ಫೋಟೊಗ್ರಾಫರ್ ಮಲಿಕಸಾಬ ಅಂದ ಒಂದು ಮಾತು ಗಜೇಂದ್ರಗಡದ ನೇಕಾರ ಇನಾಯತನ ಎದೆಯಲ್ಲಿ ಇವತ್ತಿಗೂ ಮುರಿದ ಮುಳ್ಳಿನ ಹಾಗೆ ಕೂತಿದೆ. ಎರಡು ಸಾವಿರದ ಎರಡನೇ ಇಸವಿಯ ಮಾತು ಅದು. ಹೋಗಲಿ ಬಿಡು, ಮರೆತುಬಿಡು ಅಂತ ಹೇಳಲು ಬಂದವರ ಮೇಲೆಯೇ ಇನಾಯತ ಹರಿಹಾಯುತ್ತಾನೆ. "ನಿಮಗ ಅಂದಿದ್ರ ಮರೀತಿದ್ರೇನು? ಹೇಳ್ರಿ, ಮರೀತಿದ್ರೇನು?"

ಆಗಿದ್ದು ಇಷ್ಟು. ಮಗ ಅಕೀಬನಿಗೆ ಬಿಸ್ಮಿಲ್ಲಾ ಮಾಡುವುದಿತ್ತು. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಹೊಸ ಬಟ್ಟೆ ತೊಡಿಸಿ, ಹೂವಿನ ಹಾರ ಹಾಕಿ, ಹಿರಿಯರ ಮುಂದೆ ಕೂಡಿಸುತ್ತಾರೆ. ಹಿರಿಯರು ‘ಬಿಸ್ಮಿಲ್ಲಾ’, ಅಂದರೆ ದೇವರ ಹೆಸರಿನಲ್ಲಿ, ಅನ್ನುತ್ತಾರೆ, ಮಗು ಅವರ ಹಿಂದೆ ಅನ್ನುತ್ತದೆ. ಓದಿನ ಮೊದಲ ಮಾತು ಅದು. ಆ ದಿನ ದಾಟಿದರೆ ದಾಟಿತು, ಮುಂದಿನ ವರ್ಷ ಮತ್ತೆ ಬರುವಂಥದ್ದಲ್ಲ. ಅದಕ್ಕೇ ಇನಾಯತ ರೋಣದಿಂದ ಮಲಿಕಸಾಬನನ್ನು ಕರೆಸಿದ. ದೊಡ್ಡ ಸ್ಟುಡಿಯೊ, ಕೊರಳಲ್ಲಿ ಎರಡು ಕ್ಯಾಮರಾ, ಮೈತುಂಬ ಅತ್ತರು. ಬಂದವನು ಮಟಮಟ ಮಧ್ಯಾಹ್ನ ಹೊಸದಾಗಿ ಸುಣ್ಣ ಬಳಿದ ಗೋಡೆಯ ಮುಂದೆ ಇಡೀ ಮನೆತನವನ್ನು ಸಾಲಾಗಿ ನಿಲ್ಲಿಸಿ, ಪಟಪಟ ಹೊಡೆದು, ಬಿರ್ಯಾನಿ ಉಂಡು, ಕೈ ತೊಳೆದುಕೊಂಡು ಹೋದ.

ಹದಿನೈದು ದಿನ ಬಿಟ್ಟು ಆಲ್ಬಮ್ ಬಂತು. ಗೋಡೆ ಹಾಲಿನಂತೆ ಬಿಳುಪು, ಮುಖಗಳೆಲ್ಲ ರೊಟ್ಟಿ ಹಂಚಿನ ತಳ. ಅಕೀಬನ ಕಣ್ಣು ಎಲ್ಲಿ, ಬಾಯಿ ಎಲ್ಲಿ ಅಂತ ಹೆತ್ತ ತಾಯಿಗೂ ತಿಳಿಯಲಿಲ್ಲ. ಇನಾಯತ ಅಂದೇ ಬಸ್ಸು ಹತ್ತಿ ರೋಣಕ್ಕೆ ಹೋಗಿ ಆಲ್ಬಮ್ಮನ್ನು ಮಲಿಕಸಾಬನ ಮೇಜಿನ ಮೇಲೆ ಒಗೆದ.

"ಏನ್ರಿ ಇದು? ಮಾರಿ ಎಲ್ಲೈತಿ ಇದರಾಗ?"

ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳಿದ್ದರು. ಮಲಿಕಸಾಬ ಅವರ ಕಡೆ ಒಮ್ಮೆ ನೋಡಿ, ಕಡ್ಡಿಯಿಂದ ಹಲ್ಲು ಕೆದಕುತ್ತಲೇ ಅಂದ: "ನಿಮ್ಮ ಮನಿತನಾನ ಕರಿ ಐತ್ರಿ. ನಾ ಏನ್ ಮಾಡಲಿ, ಕ್ಯಾಮರಾಕ್ಕ ಸ್ನೋ ಪೌಡರ ಹಚ್ಚಲೇನು?"

ನಾಲ್ಕೂ ಮಂದಿ ನಕ್ಕರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಈ ಪುಣ್ಯಾತ್ಮ ಮಂದಿಯ ಮುಖವೇ ಡೊಂಕು ಅಂದ! ಇನಾಯತ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಮಂದಿ ಬಿಡಿಸಿ ಹೊರಗೆ ನೂಕಿದರು. ಮೆಟ್ಟಿಲ ಮೇಲೆ ನಿಂತು ಅವನು ಓಣಿಗೆಲ್ಲ ಕೇಳುವ ಹಾಗೆ ಕೂಗಿದ: "ನನ್ನ ಸಣ್ಣ ಮಗಳ ಬಿಸ್ಮಿಲ್ಲಾಕ್ಕ ಫೋಟೊ ನಾನ ತೆಗಿತೀನಲೇ! ತಂದು ನಿನ್ನ ಇದ ಗಾಜಿನ ಬಾಗಲಕ್ಕ ಹಚ್ಚತೀನಿ. ಮಾರಿ ಹ್ಯಾಂಗ ಬರ್ತಾವು ನೋಡಂತಿ!"

ಸಣ್ಣ ಮಗಳು ಗುಲ್ಷನಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಕೂಗಿದವನ ಹತ್ತಿರ ಕ್ಯಾಮರಾ ಇರಲಿಲ್ಲ. ಓದಿದ್ದು ನಾಲ್ಕನೇ ಇಯತ್ತೆ. ಇದ್ದದ್ದು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಒಂದು ಕುಣಿಮಗ್ಗ, ಮತ್ತು ಸಿಟ್ಟು.

ಇನಾಯತ ನೇಯ್ದ ಸೀರೆಗಳನ್ನು ಹೊತ್ತು ನರಗುಂದದ ಸಂತೆಗೆ ಹೋಗುತ್ತಿದ್ದ. ಅಲ್ಲಿ ಗವಿಸಿದ್ದಪ್ಪ ಅಂತ ಒಬ್ಬ ಮುದುಕ, ಮೂವತ್ತು ವರ್ಷ ಸ್ಟುಡಿಯೊ ನಡೆಸಿ ಕಣ್ಣು ಮಂಜಾದ ಮೇಲೆ ಬಾಗಿಲು ಹಾಕಿದ್ದ. ಅವನ ಕಪಾಟಿನಲ್ಲಿ ಒಂದು ಹಳೆಯ ಕ್ಯಾಮರಾ ಬಿದ್ದಿತ್ತು. ಬೆಳಕು ಅಳೆಯುವ ಅದರ ಯಂತ್ರ ಎಂದೋ ಸತ್ತಿತ್ತು. ಎಲ್ಲವನ್ನೂ ಕೈಯಿಂದ ತಿರುವಬೇಕು, ಬೆಳಕನ್ನು ಕಣ್ಣಿನಿಂದಲೇ ಅಳೆಯಬೇಕು. ಇನಾಯತ ಮುದುಕನ ಹೆಂಡತಿ ಮಹೇಶ್ವರವ್ವನಿಗೆ ಒಂದು ಕೆಂಪಂಚಿನ ಸೀರೆ ನೇಯ್ದು ಕೊಟ್ಟು ಆ ಕ್ಯಾಮರಾ ತೆಗೆದುಕೊಂಡ.

"ತಮ್ಮಾ, ಇಲ್ಲಿ ನೋಡು," ಅಂದ ಗವಿಸಿದ್ದಪ್ಪ, ಲೆನ್ಸಿನ ಬಳೆ ತಿರುವುತ್ತ. "ಎರಡು, ನಾಲ್ಕು, ಎಂಟು, ಹದಿನಾರು. ಬೆಳಕ ಒಳಗ ಬರೋ ತೂತಿನ ನಂಬರ ಇವು. ಇಲ್ಲೇ ಎಲ್ಲಾರೂ ಎಡವತಾರ. ನಂಬರ ದೊಡ್ಡದಾದಂಗ ತೂತ ಸಣ್ಣದಾಗತೈತಿ. ಬಿಎ ಓದಿದವರಿಗೆ ತಿಂಗಳಗಟ್ಟಲೆ ಹೇಳೀನಿ, ತಲಿಗೆ ಹೋಗಿಲ್ಲ."

"ಇದರಾಗೇನೈತ್ರಿ ಕಾಕಾ, ತಲಿಗೆ ಹೋಗಲಾರದ್ದು?" ಇನಾಯತನಿಗೆ ಸಿಟ್ಟೇ ಬಂತು. "ನಲವತ್ತರ ನೂಲು ದಪ್ಪ, ಎಂಬತ್ತರ ನೂಲು ಸಣ್ಣ, ನೂರರದು ಕೂದಲ ಇದ್ದಂಗ. ನಂಬರ ಏರಿದಂಗ ಎಳಿ ಸಣ್ಣ ಆಗತೈತಿ. ನಮ್ಮ ಓಣ್ಯಾಗಿನ ಕೂಸಿಗೂ ಗೊತ್ತೈತಿ."

ಮುದುಕ ಅವನನ್ನೇ ನೋಡಿ, "ಹಾಂಗಾರ ನೀ ಕಲತಿ ಬಿಡು" ಅಂದ.

ಕ್ಯಾಮರಾ ಮನೆಗೆ ಬಂದ ದಿನದಿಂದ ಮೂರು ಮಕ್ಕಳಿಗೆ ಸೆರೆವಾಸ ಶುರುವಾಯಿತು. ಬೇರೆಯವರ ಮಕ್ಕಳನ್ನು ಕರೆದು ಕೂಡಿಸಿದರೆ ಯಾರು ಕೂಡುತ್ತಾರೆ? ಹಿರಿಯ ಮಗಳು ಶಬನಮ ಸಾಲಿಗೆ ಹೋಗುವವಳು, ಅವಳ ಪಾಟಿ ಇನಾಯತನ ಪುಸ್ತಕವಾಯಿತು. ಪ್ರತಿ ಫೋಟೊಕ್ಕೂ ತೂತಿನ ನಂಬರು, ಅದು ತೆರೆದಿರುವ ಹೊತ್ತಿನ ನಂಬರು ಎರಡನ್ನೂ ಅವಳು ಬಳಪದಿಂದ ಪಾಟಿಯ ಮೇಲೆ ಬರೆದು ಎದೆಗೆ ಹಿಡಿದು ನಿಲ್ಲಬೇಕು. ಫೋಟೊ ಬಂದ ಮೇಲೆ ಯಾವ ನಂಬರಿಗೆ ಮುಖ ಹೇಗೆ ಬಂತು ಅಂತ ತಿಳಿಯಬೇಕಲ್ಲ, ಅದಕ್ಕೆ. ಮಾಳಿಗೆಯ ಮೇಲೆ ಬಿಸಿಲಲ್ಲಿ ಒಮ್ಮೆ, ಬೇವಿನ ನೆರಳಲ್ಲಿ ಒಮ್ಮೆ, ಬಾಗಿಲಲ್ಲಿ ಒಮ್ಮೆ.

ಹೆಂಡತಿ ಬದರುನ್ನಿಸಾ ಮೊದಲ ಕಟ್ಟು ಫೋಟೊ ನೋಡಿ ಹಣೆ ಚಚ್ಚಿಕೊಂಡಳು. "ಮಕ್ಕಳ ಫೋಟೊನೋ, ಜೇಲಿನ ಕೈದಿಗಳದ್ದೋ ಇದು? ಎದಿ ಮ್ಯಾಲೆ ನಂಬರ ಬ್ಯಾರೆ!"

"ನೀ ಸುಮ್ಮಕಿರು. ಕಲಿಯೋ ಮುಂದ ಹಿಂಗ ಇರತೈತಿ."

ರೀಲು ತೊಳೆಸಲು ಅವನು ಗದಗಿಗೆ ಹೋಗುತ್ತಿದ್ದ. ದಾರಿಯಲ್ಲಿ ಬಸ್ಸು ರೋಣದಲ್ಲಿ ನಿಲ್ಲುತ್ತಿತ್ತು. ಬಾಯಾರಿ ನಾಲಿಗೆ ಒಣಗಿದರೂ ಅಲ್ಲಿ ಇಳಿದು ಒಂದು ಗುಟುಕು ನೀರು ಕುಡಿದವನಲ್ಲ. ಗದಗಿನ ಲ್ಯಾಬಿನಲ್ಲೂ ಜಗಳ. ಅಲ್ಲಿನ ಯಂತ್ರ ಕಪ್ಪಾದದ್ದನ್ನು ತಾನೇ ಬೆಳ್ಳಗೆ ಮಾಡಿ, ಬೆಳ್ಳಗಾದದ್ದನ್ನು ತಾನೇ ಕಪ್ಪು ಮಾಡಿ, ಎಲ್ಲ ಫೋಟೊಗಳನ್ನೂ ಒಂದೇ ಹದಕ್ಕೆ ತಂದುಬಿಡುತ್ತಿತ್ತು.

"ಚಂದ ಬಂದಾವಲ್ರಿ, ಮತ್ಯಾಕ ಬೈತೀರಿ?" ಅಂದ ಲ್ಯಾಬಿನವ.

"ಚಂದ ಮಾಡ ಅಂತ ನಿನಗ ಯಾರ ಹೇಳ್ಯಾರೋ? ನಾ ಮಾಡಿದ ತಪ್ಪು ನನಗ ಕಾಣಬೇಕು! ಅದನ್ನ ತಿದ್ದಾಕ ನೀ ಯಾವನು?"

ಲ್ಯಾಬಿನವನಿಗೆ ಇಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆಮೇಲೆ ಗವಿಸಿದ್ದಪ್ಪನೇ ದಾರಿ ತೋರಿಸಿದ: ಕಾಗದ ನೋಡಬೇಡ, ನೆಗೆಟಿವ್ ಹಿಡಿದು ನೋಡು, ಅದು ಸುಳ್ಳು ಹೇಳುವುದಿಲ್ಲ. ಅಲ್ಲಿಂದ ಇನಾಯತ ಮಗ್ಗದ ಕುಣಿಯಲ್ಲಿ ಕೂತು ನೆಗೆಟಿವ್ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೀರೆಯಲ್ಲಿ ತಪ್ಪಿದ ಎಳೆ ಹುಡುಕುವ ಹಾಗೆ ಒಂದೊಂದನ್ನೇ ಹುಡುಕಿದ. ಒಂದು ವರ್ಷದಲ್ಲಿ ಬಿಸಿಲು ಕೈವಶವಾಯಿತು. ಸುಣ್ಣದ ಗೋಡೆಯ ಮುಂದೆಯೇ ಅಕೀಬನನ್ನು ನಿಲ್ಲಿಸಿ, ಕಣ್ಣಿನ ರೆಪ್ಪೆ ಎಣಿಸುವ ಹಾಗೆ ತೆಗೆದ. ಕರಿ ಮುಖ ಕರಿಯಾಗಿಯೇ ಬಂತು, ಮಿರಿಮಿರಿ ಮಿಂಚುವ ಕರಿ. ಹೌದು, ನಮ್ಮದು ಕರಿ ಮನೆತನವೇ, ಏನೀಗ?

ಆದರೆ ಬಿಸ್ಮಿಲ್ಲಾ ನಡೆಯುವುದು ಮನೆಯೊಳಗೆ, ಬಾಗಿಲ ಬೆಳಕಿನಲ್ಲಿ. ಅಲ್ಲಿ ತೂತು ಪೂರ್ತಿ ತೆರೆದರೂ ಬೆಳಕು ಸಾಲದು, ಅದನ್ನು ತುಸು ಹೆಚ್ಚು ಹೊತ್ತು ತೆರೆದಿಡಬೇಕು. ಆ ಹೊತ್ತಿನಲ್ಲಿ ಮಗು ಕೂದಲೆಳೆ ಅಲುಗಿದರೂ ಮುಖ ಕಲಸಿಹೋಗುತ್ತದೆ. ಫ್ಲ್ಯಾಶ್ ಹಾಕಿಕೋ ಅಂತ ಗವಿಸಿದ್ದಪ್ಪ ಹೇಳಿದ. "ಅದು ಮಲಿಕಸಾಬನಂಥ ಸ್ಟುಡಿಯೊದವರ ಆಟ, ನಾ ಒಲ್ಲೆ" ಅಂದ ಇನಾಯತ.

ಹಾಗಾಗಿ ಗುಲ್ಷನಳಿಗೆ ಅಲುಗದಿರುವುದನ್ನು ಕಲಿಸಬೇಕಾಯಿತು. ಮೂರು ವರ್ಷದ ಕೂಸು. ದಿನಾ ಮುಂಜಾನೆ ಬಾಗಿಲ ಎದುರು ಚಾಪೆಯ ಮೇಲೆ ಕೂಡಿಸಿ ಕ್ಯಾಮರಾ ಎತ್ತುತ್ತಿದ್ದ. "ಅಲುಗಬ್ಯಾಡ! ಬಾಯಿ ಮುಚ್ಚು! ಉಸಿರ ಹಿಡಿ!" ಕೂಸು ಕೆನ್ನೆ ಉಬ್ಬಿಸಿ ಉಸಿರು ಹಿಡಿಯುತ್ತಿತ್ತು. ಹಲ್ಲು ಕಿರಿದರೆ ಬೈಗುಳ, ನೊಣ ಓಡಿಸಿಕೊಂಡರೆ ತಲೆಗೊಂದು ಮೊಟಕು. ಎಷ್ಟೋ ಸಲ ಕ್ಯಾಮರಾದಲ್ಲಿ ರೀಲೇ ಇರುತ್ತಿರಲಿಲ್ಲ, ಬರೇ ತಾಲೀಮು.

"ಅಬ್ಬಾ, ಅಕಿ ನೀಲಿ ಆಗಾಕತ್ತಾಳ" ಅಂತ ಅಪ್ಪನನ್ನು ಕರೆದು ಹೇಳುತ್ತಿದ್ದಳು ಶಬನಮ.

"ಆಗಲಿ! ರೋಣದವಂಗ ನೀಲೀನರ ಕಾಣಲಿ!"

ಒಂದು ದಿನ ಬದರುನ್ನಿಸಾ ಎರಡು ವರ್ಷದಿಂದ ತೆಗೆದ ಫೋಟೊಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತಳು. "ನೋಡ್ರಿಲ್ಲೆ. ಎಲ್ಲಾ ಸ್ವಚ್ಛ ಬಂದಾವು, ನಾ ಇಲ್ಲ ಅನ್ನಂಗಿಲ್ಲ. ಖರೇ ಒಂದು ಕೂಸರ ನಗಾಕತ್ತೈತೇನು? ಎಲ್ಲಾ ಹುಲಿ ಕಂಡಂಗ ನೋಡತಾವು."

"ನಕ್ಕರ ಅಲುಗತಾವು!"

"ಹುಲಿ ಯಾವುದು ಅಂತ ಕೇಳ್ರಿ ಮೊದಲ."

ಇನಾಯತ ಮಗ್ಗಕ್ಕೆ ಇಳಿದು, ಮನೆ ಅದುರುವ ಹಾಗೆ ಲಾಳಿ ಹೊಡೆದ.

ಎರಡು ಸಾವಿರದ ನಾಲ್ಕು, ಅಕ್ಟೋಬರ್. ಗುಲ್ಷನಳಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ. ಇನಾಯತ ಮುಂಜಾನೆಯೇ ಬಾಗಿಲ ಎರಡೂ ಕದ ತೆಗೆದು, ಎದುರು ಗೋಡೆಗೆ ಬಿಳಿ ಧೋತರ ಇಳಿಬಿಟ್ಟು ಬೆಳಕನ್ನು ಕೂಸಿನ ಮುಖದ ಕಡೆ ತಿರುಗಿಸಿದ. ಎರಡೂ ನಂಬರು ಬಾಯಿಪಾಠ. ಹೊಸ ರೀಲು ಹಾಕಿ, ಸರಿಯಾಗಿ ಸುತ್ತಿಕೊಂಡಿದೆಯೋ ಇಲ್ಲವೋ ಎರಡು ಸಲ ನೋಡಿದ. ಓಣಿಯ ಮಂದಿ ಕೂಡಿತು. ಹಸಿರು ಜರಿಯ ಓಢಣಿ, ಮಲ್ಲಿಗೆ ಹಾರ, ಕಣ್ಣಿಗೆ ಸುರಮಾ. ಗುಲ್ಷನ ಚಾಪೆಯ ಮೇಲೆ ಕೂತಳು. ಎದುರಿಗೆ ಮದರಸಾದಲ್ಲಿ ಓದಿಸುವ ಮುದಿ ಹಜರತ ಅಬ್ದುಲಮಜೀದರು.

ಇನಾಯತ ಮಂಡಿಯೂರಿ ಕ್ಯಾಮರಾ ಎತ್ತಿದ. ಕೂಸಿನ ಬಾಯಿ ‘ಬಿಸ್ಮಿಲ್ಲಾ’ ಅಂತ ತೆರೆದ ಗಳಿಗೆಯೇ ಅವನಿಗೆ ಬೇಕಾಗಿತ್ತು.

"ಅನ್ನು ಮಗಳ," ಅಂದರು ಹಜರತರು. "ಬಿಸ್ಮಿಲ್ಲಾ."

ಗುಲ್ಷನ ಕ್ಯಾಮರಾ ನೋಡಿದಳು. ಬಾಯಿ ಗಪ್ಪನೆ ಮುಚ್ಚಿತು. ಕೆನ್ನೆ ಉಬ್ಬಿದವು. ಕಲ್ಲಿನ ಹಾಗೆ ಕೂತುಬಿಟ್ಟಳು.

"ಅನ್ನವಾ ತಾಯಿ, ಬಿಸ್ಮಿಲ್ಲಾ."

ಉಸಿರೂ ಇಲ್ಲ.

"ಕೂಸಿಗೆ ಮಾತು ಬರತಾವಿಲ್ಲೋ?" ಅಂತ ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಇನಾಯತನ ಕಿವಿ ಕೆಂಪಾದವು. ಕ್ಯಾಮರಾದ ಹಿಂದಿನಿಂದಲೇ ಹಲ್ಲು ಕಡಿದ: "ಅನ್ನ ಅಂದ್ರ ಅನ್ನು! ಬಾಯಿ ತಗಿ!" ಕೂಸು ಇನ್ನಷ್ಟು ಬಿಗಿಯಾಯಿತು. ಕಣ್ಣಲ್ಲಿ ನೀರು ಬಂತು, ಬಾಯಿ ತೆರೆಯಲಿಲ್ಲ.

ಅಕೀಬನಿಗೆ ತಡೆಯಲಾಗಲಿಲ್ಲ. "ಹಜರತ, ಅಕಿ ಅನ್ನೂದಿಲ್ರಿ! ಅಬ್ಬಾ ಕ್ಯಾಮರಾ ಹಿಡದಾಗ ಬಾಯಿ ತಗದ್ರ ಮೊಟಕತಾನ್ರಿ!"

ಇಡೀ ಮನೆ ನಕ್ಕಿತು. ಬದರುನ್ನಿಸಾ ಒಬ್ಬಳೇ ನಗಲಿಲ್ಲ. "ಹೊರಗ ನಡೀರಿ ನೀವು" ಅಂದಳು ಗಂಡನಿಗೆ, ಅಷ್ಟು ಮಂದಿಯ ಮುಂದೆ.

ಇನಾಯತ ಧಡಧಡ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಇಲಿಮರಿಯಂಥ ದನಿ ಕೇಳಿತು: "ಬಿಸ್..." ಅವನ ಕಾಲು ಅವನ ಮಾತು ಕೇಳಲಿಲ್ಲ. ಓಡಿ ಬಾಗಿಲಿಗೆ ಬಂದು ಕ್ಯಾಮರಾ ಎತ್ತಿದ. ಅವನ ನೆರಳು ಚಾಪೆಯ ಮೇಲೆ ಬಿತ್ತು. ಗುಲ್ಷನ ತಲೆ ಎತ್ತಿ ನೋಡಿ, ಅರ್ಧ ಮಾತನ್ನು ಬಾಯಲ್ಲೇ ನುಂಗಿ, ಕೆನ್ನೆ ಉಬ್ಬಿಸಿದಳು.

ಈ ಸಲ ಯಾರೂ ನಗಲಿಲ್ಲ.

"ಇನಾಯತ," ಅಂದರು ಹಜರತರು, ದನಿ ಏರಿಸದೆ. "ನಿನಗ ಫೋಟೊ ಬೇಕೋ, ಇಕಿ ಓದೂದು ಬೇಕೋ? ಒಂದ ಹೇಳು. ನಾ ಮುದುಕ ಅದೀನಿ, ಭಾಳ ಹೊತ್ತು ಕೂಡಾಕಾಗೂದಿಲ್ಲ."

ಬಾಯಿಗೆ ಬಂದ ಬೈಗುಳವನ್ನು ಯಾರ ಮೇಲೆ ಬಿಡಬೇಕೋ ಇನಾಯತನಿಗೆ ತಿಳಿಯಲಿಲ್ಲ. ಹಜರತರಿಗೆ ಬೈಯುವಂತಿಲ್ಲ. ಕೂಸು ಅವನು ಹೇಳಿದ್ದನ್ನೇ ಮಾಡಿದೆ, ಒಂದು ಕೂದಲೆಳೆ ತಪ್ಪದ ಹಾಗೆ. ಅವನು ಕ್ಯಾಮರಾ ಹೊತ್ತು ಓಣಿ ದಾಟಿ, ಕೆರೆಯ ದಂಡೆಯ ತನಕ ನಡೆದುಬಿಟ್ಟ. ತಿರುಗಿ ಬಂದಾಗ ಮಂದಿ ಸಿಹಿ ತಿನ್ನುತ್ತಿದ್ದರು. ಗುಲ್ಷನ ಪೂರಾ ಬಿಸ್ಮಿಲ್ಲಾ ಅಂದು, ಅಲಿಫ್, ಬೇ ಅಂತ ಅಕ್ಷರಗಳನ್ನೂ ಅಂದಿದ್ದಳಂತೆ, ಅದೂ ಓಣಿಗೆಲ್ಲ ಕೇಳುವ ಹಾಗೆ. ಅಪ್ಪನೊಬ್ಬನಿಗೆ ಕೇಳಲಿಲ್ಲ. ಮಲಿಕಸಾಬನ ಗಾಜಿನ ಬಾಗಿಲಿಗೆ ಹಚ್ಚುವುದಕ್ಕೆ ಏನೂ ಉಳಿಯಲಿಲ್ಲ.

ವಿದ್ಯೆ ಮಾತ್ರ ಎಲ್ಲಿಯೂ ಹೋಗಲಿಲ್ಲ. ಮುಂದಿನ ವರ್ಷಗಳಲ್ಲಿ ಬಿಸ್ಮಿಲ್ಲಾ, ಮದುವೆ, ತೊಟ್ಟಿಲ ಕಾರ್ಯ ಅಂತ ಮಂದಿ ಇನಾಯತನನ್ನು ಕರೆಯತೊಡಗಿದರು. ನರಗುಂದದಿಂದ, ಅಸೂಟಿಯಿಂದ, ಯಾವಗಲ್ಲಿನಿಂದಲೂ ಕರೆ ಬಂದವು. ಬೇರೆಯವರ ಮಕ್ಕಳು ಅವನ ಕ್ಯಾಮರಾದ ಮುಂದೆ ಹಲ್ಲು ಕಿರಿದವು, ಬಾಯ್ತುಂಬ ಬಿಸ್ಮಿಲ್ಲಾ ಅಂದವು. ಅವಕ್ಕೆ ಅವನ ಮೊಟಕು ಗೊತ್ತಿರಲಿಲ್ಲ. ಅವನ ಮನೆಯ ಮೂರು ಮಕ್ಕಳು ಮಾತ್ರ ಕ್ಯಾಮರಾ ಹೊರಗೆ ಬಂದರೆ ಹಿತ್ತಲಿಗೆ ಓಡುತ್ತಿದ್ದವು.

ಎರಡು ಸಾವಿರದ ಒಂಬತ್ತರಲ್ಲಿ ಗುಲ್ಷನಳಿಗೆ ಒಂಬತ್ತು ವರ್ಷ. ಒಂದು ಸಂಜೆ ಅವಳು ಅಪ್ಪ ತೆಗೆದ ಯಾರದೋ ಕೂಸಿನ ಬಿಸ್ಮಿಲ್ಲಾ ಆಲ್ಬಮ್ ತಿರುವುತ್ತ ಕೂತಿದ್ದಳು.

"ಅಬ್ಬಾ, ನಂದೆಲ್ಲಿ?"

"ಇಲ್ಲ."

"ಇವರೆಲ್ಲಾರದೂ ಐತಿ. ನಂದ ಯಾಕಿಲ್ಲ?"

"ಇಲ್ಲ ಅಂದ್ನೆಲ್ಲ, ತಲಿ ತಿನ್ನಬ್ಯಾಡ!" ಅಂತ ಗದರಿದ. ಆಮೇಲೆ ಅವನಿಗೇ ಏನನ್ನಿಸಿತೋ, ಎದ್ದು ಬಂದ. "ನಡಿ, ಓಢಣಿ ಹಾಕ್ಕೋ. ಹಾರ ತರತೀನಿ. ಈಗ ತಗಿಯೂಣು."

"ಈಗಿಂದು ನಾ ಒಲ್ಲೆ. ಆವತ್ತಿಂದು ಕೊಡು."

"ಆವತ್ತಿಂದು ಎಲ್ಲಿಂದ ತರಲೇ, ಹುಚ್ಚಿ?"

"ನನಗೇನ್ ಗೊತ್ತು? ಕೊಡೂದು ನಿಂದು." ಗುಲ್ಷನ ಆಲ್ಬಮ್ ಮುಚ್ಚಿಟ್ಟು ಎದ್ದು ಹೋದಳು.

ಇನಾಯತ ಹೊರಗೆ ಹೋದ. ಆ ಸಂಜೆ ಸಿಕ್ಕಸಿಕ್ಕವರ ಮೇಲೆ ಜಗಳ ತೆಗೆದ. ಮಗಳು ಆ ದಿನದ ಫೋಟೊವನ್ನು ಈಗಲೂ ಕೇಳುತ್ತಾಳೆ, ವರ್ಷಕ್ಕೊಂದು ಸಲವಾದರೂ. ಅವನು ಇನ್ನೂ ಕೊಟ್ಟಿಲ್ಲ.