ಬೇಸಿನ್ನಿನಲ್ಲಿ ತೋರಿಸಿದ ಗಡ್ಡೆ

ತೆಗೆದ ಗಡ್ಡೆಯನ್ನು ಲ್ಯಾಬಿಗೆ ಕಳಿಸಬೇಕು ಎಂಬ ಮಾತನ್ನು ನನಗೆ ಮೊದಲು ಹೇಳಿದವರು ದಾವಣಗೆರೆಯ ಕ್ಯಾನ್ಸರ್ ಡಾಕ್ಟರಮ್ಮ. ಗಡ್ಡೆ ಇದೆಯೆಂದು ಹರಿಹರದ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಗರ್ಭಕೋಶ ತೆಗೆದು ಎಂಟು ತಿಂಗಳಾಗಿತ್ತು. ಹೊಟ್ಟೆಯಲ್ಲಿ ಮತ್ತೆ ಗಡ್ಡೆ ಬೆಳೆದಿತ್ತು.

"ಆಗ ತೆಗೆದ ಗಡ್ಡೆಯ ರಿಪೋರ್ಟ್ ಎಲ್ಲೈತ್ರಿ, ಯಜಮಾನ್ರೇ?"

"ರಿಪೋರ್ಟ್ ಕೊಟ್ಟಿಲ್ರಿ ಅಮ್ಮಾ. ಹರಿಹರದ ಡಾಕ್ಟ್ರು ಬೇಸಿನ್ನಿನಾಗೆ ತಂದು, 'ಮಾಮೂಲಿ ಗಡ್ಡೆ, ನೋಡ್ರಿ' ಅಂತ ತೋರಿಸಿದ್ರು. ನಾನು ಹರಿಹರೇಶ್ವರನಿಗೆ ಕೈಮುಗಿದೆ. ಅವರು ಒಯ್ದು ಎಸೆದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಈಗಿನ ಗಡ್ಡೆಯ ಚೂರು ಲ್ಯಾಬಿಗೆ ಕಳಿಸಿ ನೋಡಿದ್ವಿ. ಇದು ಸಾರ್ಕೋಮಾ, ಅಪರೂಪದ ಕ್ಯಾನ್ಸರ್. ಕಣ್ಣಿಗೆ ಮಾಮೂಲಿ ಗಡ್ಡೆ ಹಂಗೇ ಕಾಣ್ತೈತೆ. ಲ್ಯಾಬಿಗೆ ಕಳಿಸಿದ್ರೆ ಆಗಲೇ ಗೊತ್ತಾಗ್ತಿತ್ತು."

ಈಗ ಅವಳಿಗೆ ಕೀಮೋ ನಡೆದಿದೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಸಂತೆಯಲ್ಲಿ ಕಲ್ಲಂಗಡಿಯನ್ನೂ ಕೊಯ್ದು ನೋಡದೆ ನಾವು ಕೊಳ್ಳುವುದಿಲ್ಲ. ಹೆಂಡತಿಯ ಹೊಟ್ಟೆಯಿಂದ ಬಂದದ್ದನ್ನು ಹಾಗೇ ಎಸೆಯಲು ಬಿಟ್ಟೆ!

ನಾಲ್ಕು ಮನೆಗೆ ಇದನ್ನು ಹೇಳ್ರಿ: ಮೊದಲು ಲ್ಯಾಬಿಗೆ ಕಳಿಸ್ರಿ ಅನ್ನಬೇಕು, ಕೈಮುಗಿಯುವುದು ರಿಪೋರ್ಟ್ ಬಂದಮೇಲೆ. ದೇವರು ಅಷ್ಟು ಹೊತ್ತು ಕಾಯುತ್ತಾನೆ.