ಹಿಂದಿನ ಕಿಟಕಿಯ ಹೊಲಿಗೆ

ಟಪ್.

ಅಷ್ಟೇ. ಬೆಳಕು ಹರಿಯಲು ಇನ್ನೂ ಹೊತ್ತಿದೆ. ಶೆಡ್ಡಿನಲ್ಲಿ, ಅಜ್ಜಂದಿರ ಕಾಲದ ಕಾರೊಂದರೊಳಗೆ, ದೀಪ ಆರಿಸಿ ನಾವಿಬ್ಬರು ಕುಳಿತಿದ್ದೇವೆ. ಹೊಸದಾಗಿ ಹೊಲಿದ ಮಡಚುವ ಛಾವಣಿಯ ಮೇಲೆ ಪೈಪಿನ ನೀರು ಸುರಿಯುತ್ತಿದೆ. ಸೋರಿಕೆಯನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದಂತೆ. "ಹಿಂದಿನ ಕಿಟಕಿ ಹತ್ರ" ಎನ್ನುತ್ತಾರೆ ಪಕ್ಕದಲ್ಲಿರುವವರು. ದನಿ ಕುಸಿದಿದೆ. ಒಂದು ಹನಿಗೆ ಇಷ್ಟೇಕೆ ಎಂದು, ಇವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ತಿಳಿಯುವುದಿಲ್ಲ.

ಬೀದಿಯವರಿಗೆ ಇವರು ಟೋಪಿ ಮಾವ. "ಬೇರೆಯವರು ಜನಕ್ಕೆ ಟೋಪಿ ಹಾಕ್ತಾರೆ, ನಾನು ಕಾರಿಗೆ ಹಾಕ್ತೀನಿ" ಎಂಬುದು ಅವರ ಹಳೆಯ ತಮಾಷೆ. ಹರಿದ ಛಾವಣಿ ಬಿಚ್ಚಿ, ತುಕ್ಕು ಹಿಡಿದ ಕಮಾನುಗಳನ್ನು ತಿದ್ದಿ, ಕ್ಯಾನ್ವಾಸು ಕತ್ತರಿಸಿ ಬಿಗಿಯುವುದು ಅವರ ಪಾಲು. ಹೊಲಿಗೆ ಹೆಂಡತಿಯದು, ಮದುವೆಯಾದಾಗಿನಿಂದ ಹಾಗೇ. ತಿಂಗಳಿಗೊಂದು ಕಾರು ಬಂದರೆ ಹೆಚ್ಚು. ಮಾಲೀಕರು ಕಾರಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವಾಗ ಇವರಿಬ್ಬರನ್ನು ಯಾರೂ ಕರೆಯುವುದಿಲ್ಲ.

ಕ್ಯಾನ್ವಾಸಿನಲ್ಲಿ ಸೂಜಿ ಒಂದೆಳೆ ಆಚೆ ಬಿದ್ದರೆ ಆ ತೂತು ಮತ್ತೆ ಕೂಡುವುದಿಲ್ಲ. ದಾರ ಬಿಚ್ಚಿದರೂ ನೀರಿಗೆ ದಾರಿ ಉಳಿದಿರುತ್ತದೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ, ಕಿಟಕಿಯಂಚಿನ ಹೊಲಿಗೆ ಸಾಲು ಬಿಟ್ಟು ಹೋಗಿ ತಿರುಗಿ ಬಂದಿದೆ. ಇದೇ ಮೊದಲಲ್ಲ.

"ಕಣ್ಣು ಮಂಜಾಗ್ತಿದೆ ಅಂತ ಅವಳಿಗೂ ಗೊತ್ತು. ಆಪರೇಷನ್ ಮಾಡಿದ್ರೂ ಸರಿಹೋಗಲ್ಲ ಅಂದ್ರು ಡಾಕ್ಟ್ರು. ಹೊಲಿಗೆ ತಪ್ತಿರೋದು ಮಾತ್ರ ಗೊತ್ತಿಲ್ಲ. ಗೊತ್ತಾದ್ರೆ ಅವತ್ತೇ ಮಷಿನ್‌ಗೆ ಮುಸುಕು ಹಾಕ್ತಾಳೆ. ಆಮೇಲೆ ಗೋಡೆ ನೋಡ್ತಾ ಕೂರೋದೇ."

ಕಿಟಕಿಯಂಚಿನ ಆ ಪಟ್ಟಿಯನ್ನಷ್ಟೇ ಕಿತ್ತು ಹೊಸ ತುಂಡು ಕೂರಿಸುತ್ತಾರೆ. ಮಷಿನ್ನಿನ ಸದ್ದು ಶೆಡ್ಡಿನ ಹಿಂದಿರುವ ತಮ್ಮ ಮನೆಗೆ ಕೇಳೀತೆಂದು ಕೈಯಲ್ಲೇ ಹೊಲಿಗೆ. ಸೂಜಿ ಹೆಬ್ಬೆರಳಿಗೆ ಇಳಿದರೆ ರಕ್ತ ಒರೆಸಿಕೊಂಡು ಮುಂದಿನ ಹೊಲಿಗೆ ಹಾಕುತ್ತಾರೆ.

ಬೆಳಗಾಗುವಾಗ ಆಕೆ ಚಹಾ ತರುತ್ತಾರೆ. ಗೋಡೆಗೆ ಕೈ ತಾಗಿಸಿಕೊಂಡೇ ಬಂದು, ಸೋರಿತೇ ಎಂದು ಕೇಳುತ್ತಾರೆ. ಒಂದು ಹನಿಯೂ ಇಲ್ಲ ಎನ್ನುತ್ತಾರೆ ಗಂಡ, ಹೆಬ್ಬೆರಳು ಮುಷ್ಟಿಯೊಳಗಿಟ್ಟು.

"ಕಿಟಕಿ ಹತ್ರ ಯಾಕೋ ಅನುಮಾನ ಇತ್ತು ಕಣ್ರೀ."

"ನಿನ್ನ ಕೈ ಮೇಲೆ ನಿನಗೇ ಅನುಮಾನವಾ? ಸುಮ್ನಿರೇ."

ಆಕೆಯ ಮುಖ ಅರಳುತ್ತದೆ. ಹಾಗಾದರೆ ಮುಂದಿನ ಕಾರಿನ ಬಟ್ಟೆ ಇವತ್ತೇ ಕತ್ತರಿಸಿಕೊಡಿ ಎಂದು ಹೇಳಿ ಒಳಗೆ ಹೋಗುತ್ತಾರೆ.

ನಾನು ಪೆನ್ನು ಮುಚ್ಚುತ್ತೇನೆ. ಇದನ್ನು ಬರೆದರೆ ಬೀದಿಯವರ ಬಾಯಿಂದ ಆಕೆಯ ಕಿವಿಗೆ ಬೀಳುವುದಿಲ್ಲವೇ ಎಂದು ಕೇಳುತ್ತೇನೆ.

"ಬೀದಿಯವರಿಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಹಾಲು ತರಕ್ಕೆ ಹೋಗ್ತಾ ನಾನು ಹೊಲಿಯೋದನ್ನ ಈ ಬಾಗಿಲ ಸಂದೀಲಿ ನೋಡ್ಕೊಂಡೇ ಹೋಗ್ತಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ. ಬರೀರಿ, ಅವಳ ಕೆಲಸ ನಾಲ್ಕು ಜನಕ್ಕೆ ತಿಳೀಲಿ. ಅವಳಿಗೆ ಪೇಪರ್ ಓದಿ ಹೇಳೋನು ನಾನೇ. ಈ ಹನಿ ಬಂದ ಕಡೆ ಬಿಟ್ಟು ಓದ್ತೀನಿ."